ಅರ್ಜಿದಾರರ ಕಡೆಗೂ ತಿರುಗಿದ ಪರದೆ

(ಗ್ರಾಮ ಪಂಚಾಯತಿ ಸಿಬ್ಬಂದಿ ಮತ್ತು ಗಣಕಯಂತ್ರ ನಿರ್ವಾಹಕರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



‘ಭೂಮಿ’ ಯೋಜನೆಯ ಮೊದಲ ವರ್ಷಗಳಲ್ಲಿ, ಅಂದರೆ 2000ದ ದಶಕದ ಆರಂಭದಲ್ಲಿ, ತಾಲ್ಲೂಕು ಕಚೇರಿಗಳ ಪಹಣಿ ವಿತರಣಾ ಕೇಂದ್ರಗಳಲ್ಲಿ ಎರಡು ಪರದೆಗಳ ಏರ್ಪಾಟು ಇತ್ತು. ಒಂದು ನಿರ್ವಾಹಕರ ಕಡೆಗೆ, ಇನ್ನೊಂದು ಎದುರಿಗೆ ನಿಂತ ರೈತರ ಕಡೆಗೆ. ನಿರ್ವಾಹಕರು ಯಾವ ಸರ್ವೆ ನಂಬರನ್ನು ತೆರೆದರು, ಅದರಲ್ಲಿ ಯಾರ ಹೆಸರಿದೆ ಎಂಬುದು ರೈತರಿಗೂ ಅದೇ ಕ್ಷಣದಲ್ಲಿ ಕಾಣುತ್ತಿತ್ತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಆ ಯೋಜನೆಯ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಈ ದೊಡ್ಡ ಸಂಖ್ಯೆಗಳನ್ನೂ, ಅಂದಿನ 15 ರೂಪಾಯಿ ಶುಲ್ಕವನ್ನೂ, ಮ್ಯುಟೇಷನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನೂ ಸ್ಮರಿಸುತ್ತಾರೆ. ಎರಡನೆಯ ಪರದೆಯ ಮಾತು ಹೆಚ್ಚಾಗಿ ಬರುವುದಿಲ್ಲ. ಜನರು ಸುಲಭವಾಗಿ ಬಳಸಬಲ್ಲ ತಂತ್ರಾಂಶ ಮತ್ತು ಜಾಲತಾಣಗಳ ವಿನ್ಯಾಸ ಎಂಬ ಇಂದಿನ ವಿಷಯವನ್ನು ಆ ಪರದೆಯಿಂದಲೇ ಆರಂಭಿಸುವುದು ಸೂಕ್ತ.

ಆ ಪರದೆಯ ಮೇಲೆ ರೈತರು ಏನನ್ನೂ ಟೈಪು ಮಾಡಬೇಕಾಗಿರಲಿಲ್ಲ. ಅಕ್ಷರ ಬಲ್ಲವರು ತಮ್ಮ ಹೆಸರನ್ನು ಓದಿಕೊಳ್ಳುತ್ತಿದ್ದರು. ಬಾರದವರು ಜೊತೆಯಲ್ಲಿ ಬಂದವರಿಂದ ಓದಿಸಿಕೊಳ್ಳಬಹುದಿತ್ತು. ತಪ್ಪು ಕಂಡರೆ ಪ್ರತಿ ಮುದ್ರಣವಾಗುವ ಮೊದಲೇ ಹೇಳಬಹುದಿತ್ತು. ಅದಕ್ಕೂ ಹಿಂದೆ ದಾಖಲೆ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿದ್ದು, ಅದರಲ್ಲಿ ಏನು ಬರೆದಿದೆ ಎಂದು ನೋಡಲು ಅವರ ಭೇಟಿಗೂ ಅವರ ಮರ್ಜಿಗೂ ಕಾಯಬೇಕಾಗಿದ್ದ ಕಾಲವನ್ನು ಹಿರಿಯ ಸಿಬ್ಬಂದಿ ಬಲ್ಲರು. ಹಾಗೆಂದು ಭೂಮಿ ಕೇಂದ್ರಗಳನ್ನು ಪೂರ್ತಿ ಹೊಗಳಿ ಬಿಡುವಂತೆಯೂ ಇಲ್ಲ. ಕೇಂದ್ರವು ತಾಲ್ಲೂಕು ಸ್ಥಳದಲ್ಲಿದ್ದುದರಿಂದ ದೂರದ ಹಳ್ಳಿಯವರು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಹೊರಬೇಕಾಗುತ್ತಿತ್ತು. ಸೌಲಭ್ಯ ಎಲ್ಲಿ ಇದೆ ಎಂಬುದೂ ವಿನ್ಯಾಸದ ಭಾಗವೇ ಆಗಿದೆ.

ಸುಲಭ ಬಳಕೆ ಎಂದರೇನು ಎಂಬುದಕ್ಕೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 1998ರ ಐಎಸ್ಒ 9241-11 ಮಾನಕದಲ್ಲಿ ಒಂದು ವ್ಯಾಖ್ಯೆಯನ್ನು ನೀಡಿದೆ. ಅದರ ತಾತ್ಪರ್ಯವಿಷ್ಟು: ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಸಂದರ್ಭದಲ್ಲಿ, ನಿರ್ದಿಷ್ಟ ಕೆಲಸವನ್ನು ಸರಿಯಾಗಿ, ಕಡಿಮೆ ಶ್ರಮದಿಂದ, ಸಮಾಧಾನಕರವಾಗಿ ಮುಗಿಸಲು ಸಾಧ್ಯವಾಗಬೇಕು. ಇದರಲ್ಲಿ ‘ನಿರ್ದಿಷ್ಟ ಸಂದರ್ಭ’ ಎಂಬ ಮಾತು ಪಂಚಾಯತಿಗಳ ಮಟ್ಟಿಗೆ ಬಹಳ ಮುಖ್ಯವಾದುದು. ರಾಜಧಾನಿಯ ಹವಾನಿಯಂತ್ರಿತ ಕೊಠಡಿಯಲ್ಲಿ, ಅಗಲವಾದ ಪರದೆಯ ಮುಂದೆ, ತಡೆಯಿಲ್ಲದ ಅಂತರ್ಜಾಲ ಸಂಪರ್ಕದಲ್ಲಿ ಪರೀಕ್ಷಿಸಿದ ನಮೂನೆ ಅಲ್ಲಿ ಸುಲಭವಾಗಿಯೇ ಇರುತ್ತದೆ. ಅದೇ ನಮೂನೆಯನ್ನು ಉದ್ಯೋಗ ಖಾತ್ರಿ ಕಾಮಗಾರಿಯ ಬದುವಿನ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಮಣ್ಣಿನ ಕೈಯಲ್ಲಿ ಮೊಬೈಲ್ ಹಿಡಿದು ಹಾಜರಾತಿಯ ಛಾಯಾಚಿತ್ರ ತೆಗೆಯುವ ಕಾಯಕ ಬಂಧುವಿಗೆ ಕೊಟ್ಟಾಗ ಸಂದರ್ಭವೇ ಬೇರೆಯಾಗುತ್ತದೆ. ತಿಳಿ ಬೂದು ಬಣ್ಣದ ಅಕ್ಷರಗಳು ಬಿಸಿಲಿನಲ್ಲಿ ಕಾಣುವುದಿಲ್ಲ. ಜಾಲ ಸಂಪರ್ಕ ಮರದ ಬುಡದಲ್ಲಿ ಸಿಕ್ಕಿ ಬದುವಿನಲ್ಲಿ ತಪ್ಪುತ್ತದೆ.

ಜಟಿಲವಾದ ಕಾರ್ಯವನ್ನು ಸರಳವಾದ ಯಂತ್ರಕ್ಕೆ ಇಳಿಸಿದ ಉತ್ತಮ ಉದಾಹರಣೆಗಾಗಿ ಹೊರಗೆ ಹುಡುಕಬೇಕಾಗಿಲ್ಲ. ಈ ಸಭೆಯಲ್ಲಿರುವ ಬಹುತೇಕರು ಮತಗಟ್ಟೆ ಅಧಿಕಾರಿಗಳಾಗಿ ಅದನ್ನು ಮೇಜಿನ ಮೇಲೆ ಜೋಡಿಸಿದವರೇ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು ತಯಾರಿಸುವ ವಿದ್ಯುನ್ಮಾನ ಮತಯಂತ್ರದಲ್ಲಿ ಮತದಾರರು ಮಾಡಬೇಕಾದ ಕೆಲಸ ಒಂದೇ: ತಮ್ಮ ಅಭ್ಯರ್ಥಿಯ ಚಿಹ್ನೆಯ ಪಕ್ಕದ ನೀಲಿ ಗುಂಡಿಯನ್ನು ಒತ್ತುವುದು. ಒತ್ತಿದೊಡನೆ ಅದೇ ಸಾಲಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಉದ್ದನೆಯ ಬೀಪ್ ಸದ್ದು ಕೇಳುತ್ತದೆ, ಮತಖಾತರಿ ಯಂತ್ರದ ಗಾಜಿನ ಹಿಂದೆ 7 ಸೆಕೆಂಡುಗಳ ಕಾಲ ಚೀಟಿ ಕಾಣುತ್ತದೆ. ಕಣ್ಣು ಕಾಣದವರಿಗಾಗಿ ಬ್ರೈಲ್ ಅಂಕಿಗಳಿವೆ. ಎರಡನೆಯ ಬಾರಿ ಒತ್ತಿದರೂ ಏನೂ ಆಗುವುದಿಲ್ಲ. ಅಧಿಕಾರಿಯು ಮುಂದಿನ ಮತಕ್ಕೆ ಅನುವು ಮಾಡುವವರೆಗೆ ಯಂತ್ರ ಸುಮ್ಮನಿರುತ್ತದೆ. ಹೆದರಿಕೆಯಿಂದ ನಾಲ್ಕು ಬಾರಿ ಒತ್ತಿದ ಅಜ್ಜಿಯ ಮತವೂ ಒಂದೇ ಮತವಾಗಿ ಸರಿಯಾಗಿಯೇ ದಾಖಲಾಗುತ್ತದೆ. ಓದು ಬಾರದವರಿಗೆ ಚಿಹ್ನೆ ಎಂಬ ಕಲ್ಪನೆಯಂತೂ ಯಂತ್ರಕ್ಕಿಂತ ಬಹಳ ಹಳೆಯದು. 1951-52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಲಾಗಿತ್ತು.

ಇದಕ್ಕೆ ತೀರ ವಿರುದ್ಧವಾದ ಪ್ರಸಂಗವು ಅಮೆರಿಕದ ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ, 2000ದ ನವೆಂಬರ್ ತಿಂಗಳ ಅಧ್ಯಕ್ಷೀಯ ಚುನಾವಣೆಯಲ್ಲಿ ನಡೆಯಿತು. ಅಭ್ಯರ್ಥಿಗಳ ಸಂಖ್ಯೆ ಹೆಚ್ಚಿದ್ದುದರಿಂದ, ವಯಸ್ಸಾದ ಮತದಾರರಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು, ಹೆಸರುಗಳನ್ನು ಎದುರುಬದುರಿನ ಎರಡು ಪುಟಗಳಲ್ಲಿ ಮುದ್ರಿಸಿ, ರಂಧ್ರ ಮಾಡುವ ಜಾಗಗಳನ್ನು ನಡುವಿನ ಒಂದೇ ಸಾಲಿನಲ್ಲಿ ಇರಿಸಿದರು. ಎಡಪುಟದಲ್ಲಿ ಎರಡನೆಯ ಹೆಸರು ಆಲ್ ಗೋರ್ ಅವರದು. ಆದರೆ ನಡುಸಾಲಿನ ಎರಡನೆಯ ರಂಧ್ರ ಬಲಪುಟದ ಪ್ಯಾಟ್ ಬ್ಯುಕ್ಯಾನನ್ ಅವರಿಗೆ ಸೇರಿದ್ದು, ಗೋರ್ ಅವರದು ಮೂರನೆಯದು. ಆ ಕೌಂಟಿಯಲ್ಲಿ ಬ್ಯುಕ್ಯಾನನ್ ಅವರಿಗೆ ಯಾರೂ ನಿರೀಕ್ಷಿಸದಷ್ಟು, 3,400ಕ್ಕೂ ಹೆಚ್ಚು ಮತಗಳು ಬಂದವು. ಒಂದಕ್ಕಿಂತ ಹೆಚ್ಚು ರಂಧ್ರಗಳಿದ್ದ ಕಾರಣ 19,000ಕ್ಕೂ ಹೆಚ್ಚು ಮತಪತ್ರಗಳು ಅಸಿಂಧುವಾದವು. ಇಡೀ ರಾಜ್ಯದ ಫಲಿತಾಂಶ ನಿರ್ಧಾರವಾದದ್ದು 537 ಮತಗಳ ಅಂತರದಿಂದ. ಮತಪತ್ರ ರೂಪಿಸಿದವರ ಉದ್ದೇಶ ವೃದ್ಧರಿಗೆ ನೆರವಾಗುವುದೇ ಆಗಿತ್ತೆಂಬುದನ್ನು ಮರೆಯಬಾರದು. ಸದುದ್ದೇಶವು ಪರೀಕ್ಷೆಗೆ ಬದಲಿಯಾಗಲಾರದು ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ನಿದರ್ಶನ ಸಿಗುವುದು ಕಷ್ಟ.

ಈಗ ಪಂಚಾಯತಿಯ ಸೇವಾ ಕೇಂದ್ರದ ಮೇಜಿಗೆ ಬರಬಹುದು. ಪತಿಯನ್ನು ಕಳೆದುಕೊಂಡ ಹಿರಿಯ ಮಹಿಳೆಯೊಬ್ಬರು ಪಿಂಚಣಿಗೆ ಅರ್ಜಿ ಸಲ್ಲಿಸಲು ಬಂದಿದ್ದಾರೆಂದು ಭಾವಿಸಿರಿ. ನಮೂನೆಯ ಮೊದಲ ಮೂರು ಚೌಕಗಳು ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು. ಅವರ ಹೆಸರು ‘ನಿಂಗಮ್ಮ’, ಅಷ್ಟೆ. ಕೊನೆಯ ಹೆಸರು ಕಡ್ಡಾಯವಾದುದರಿಂದ ತಂತ್ರಾಂಶ ಮುಂದೆ ಸರಿಯುವುದಿಲ್ಲ. ಆಪರೇಟರು ಒಂದು ಚುಕ್ಕೆಯನ್ನೋ, ಗಂಡನ ಹೆಸರನ್ನೋ, ‘ನಿಂಗಮ್ಮ’ ಎಂಬುದನ್ನೇ ಮತ್ತೊಮ್ಮೆಯೋ ತುಂಬುತ್ತಾರೆ. ಅಂದಿನ ಮಟ್ಟಿಗೆ ಕೆಲಸ ಮುಗಿಯಿತು. ಮುಂದೆ ಬ್ಯಾಂಕಿನ ಪುಸ್ತಕ, ಪಡಿತರ ಚೀಟಿ, ಆಧಾರ್ ಮೂರನ್ನೂ ತಾಳೆ ನೋಡುವಾಗ ಒಂದೇ ಮಹಿಳೆ ಮೂವರಾಗಿ ಕಾಣುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಹೆಸರಿನ ಜೊತೆಗೆ ಊರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಇವು ಒಂದೊಂದು ಭಾಗದಲ್ಲಿ ಒಂದೊಂದು ರೀತಿಯಾಗಿ ಬರುತ್ತವೆ. ಕೆಲವರಿಗೆ ಯಾವುದೂ ಇರುವುದಿಲ್ಲ. ‘ಆಧಾರ್‌ನಲ್ಲಿ ಇರುವಂತೆ ಪೂರ್ಣ ಹೆಸರು’ ಎಂಬ ಒಂದೇ ಉದ್ದ ಚೌಕ ಸಾಕಾಗಿತ್ತು.

ನಂತರದ್ದು ಜನ್ಮ ದಿನಾಂಕ. ಹಳೆಯ ಆಧಾರ್ ಕಾರ್ಡುಗಳಲ್ಲಿ ಕೆಲವರಿಗೆ ಹುಟ್ಟಿದ ವರ್ಷ ಮಾತ್ರ ಮುದ್ರಿತವಾಗಿದೆ. ನಮೂನೆ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತದೆ. ಅಂಕಿ ಬರೆಯಲು ಬಿಡದೆ, ಚಿಕ್ಕದೊಂದು ಕ್ಯಾಲೆಂಡರನ್ನು ತೆರೆದು ಬಾಣದ ಗುರುತಿನಿಂದ ಒಂದೊಂದೇ ತಿಂಗಳು ಹಿಂದಕ್ಕೆ ಹೋಗಲು ಹೇಳುವ ನಮೂನೆಗಳೂ ಇವೆ. 72 ವರ್ಷದ ಹಿಂದಕ್ಕೆ ಹೋಗಬೇಕಾದರೆ 864 ಬಾರಿ ಒತ್ತಬೇಕು. ಇಂತಹ ಕ್ಯಾಲೆಂಡರು ಮುಂದಿನ ವಾರದ ಬಸ್ಸಿಗೆ ಸೀಟು ಕಾಯ್ದಿರಿಸಲು ಹೇಳಿಮಾಡಿಸಿದಂತಿದೆ. ವೃದ್ಧರ ಜನ್ಮ ವರ್ಷ ಹುಡುಕಲು ಅಲ್ಲ. ಇದನ್ನು ರೂಪಿಸಿದವರು ಸ್ವತಃ ಇಪ್ಪತ್ತೈದರ ಆಸುಪಾಸಿನವರೆಂದು ಊಹಿಸಿದರೆ ತಪ್ಪಾಗಲಾರದು.

ಎಲ್ಲಕ್ಕಿಂತ ಅಪಾಯಕಾರಿಯಾದ ಚೌಕ ಮೊಬೈಲ್ ಸಂಖ್ಯೆಯದು. ನಿಂಗಮ್ಮನವರ ಬಳಿ ಮೊಬೈಲ್ ಇಲ್ಲ. ಚೌಕ ಕಡ್ಡಾಯ. ಸರದಿಯಲ್ಲಿ ಇನ್ನೂ ಹನ್ನೆರಡು ಮಂದಿ ನಿಂತಿದ್ದಾರೆ. ಪಕ್ಕದಲ್ಲಿ ನಿಂತವರ ಸಂಖ್ಯೆ, ಆಪರೇಟರರದೇ ಸಂಖ್ಯೆ, ಅಥವಾ ಪೇಟೆಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯವರ ಸಂಖ್ಯೆ ಅಲ್ಲಿ ಸೇರುತ್ತದೆ. ಅಂದಿನಿಂದ ಆ ಅರ್ಜಿಯ ಕುರಿತ ಪ್ರತಿ ಸಂದೇಶವೂ ಬೇರೊಬ್ಬರ ಜೇಬಿಗೆ ಹೋಗುತ್ತದೆ. ‘ದಾಖಲೆ ಅಸ್ಪಷ್ಟವಾಗಿದೆ, ಮರಳಿ ಸಲ್ಲಿಸಿ’ ಎಂಬ ಸಂದೇಶ ಬಂದರೂ ಅರ್ಜಿದಾರರಿಗೆ ತಿಳಿಯುವುದಿಲ್ಲ. ಆರು ತಿಂಗಳ ನಂತರ ಪಂಚಾಯತಿಗೆ ಬಂದು ‘ನನ್ನ ರೊಕ್ಕ ಯಾಕೆ ಬಂದಿಲ್ಲ’ ಎಂದು ಕೇಳಿದಾಗ ಅರ್ಜಿ ಎಂದೋ ಮುಕ್ತಾಯಗೊಂಡಿರುತ್ತದೆ. ಕಡತದ ದೃಷ್ಟಿಯಿಂದ ಇಲ್ಲಿ ಯಾವ ಲೋಪವೂ ಇಲ್ಲ. ಸಕಾಲ ವ್ಯವಸ್ಥೆಯು 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ನೀಡಿದ ಉದ್ದೇಶವೇ ಅರ್ಜಿದಾರರು ತಮ್ಮ ಅರ್ಜಿಯ ಸ್ಥಿತಿಯನ್ನು ತಾವೇ ತಿಳಿಯಲಿ ಎಂಬುದಾಗಿತ್ತು. ಸಂಖ್ಯೆ ಒಬ್ಬರಲ್ಲಿ, ಸಂದೇಶ ಇನ್ನೊಬ್ಬರಲ್ಲಿ ಎಂದಾದರೆ ಆ ಉದ್ದೇಶ ಅಲ್ಲಿಗೇ ನಿಲ್ಲುತ್ತದೆ. ‘ಅರ್ಜಿದಾರರಿಗೆ ಮೊಬೈಲ್ ಇಲ್ಲ, ಗ್ರಾಮ ಪಂಚಾಯತಿ ಮೂಲಕ ತಿಳಿಸಿ’ ಎಂಬ ಒಂದು ಆಯ್ಕೆಯನ್ನು ನಮೂನೆಯಲ್ಲಿ ಸೇರಿಸಿದರೆ, ಅಂತಹ ಅರ್ಜಿಗಳ ಪಟ್ಟಿ ವಾರಕ್ಕೊಮ್ಮೆ ಪಂಚಾಯತಿಯ ಲಾಗಿನ್‌ನಲ್ಲಿ ಕಾಣುವಂತೆ ಮಾಡಬಹುದು.

ಮಧ್ಯವರ್ತಿಗಳನ್ನು ದೂರುವುದು ವಾಡಿಕೆ. ಆದರೆ ಅವರು ಮಾರುತ್ತಿರುವ ಸರಕು ಯಾವುದು ಎಂಬುದನ್ನು ನೋಡಬೇಕು. ಯಾವ ಚೌಕದಲ್ಲಿ ಚುಕ್ಕೆ ಇಟ್ಟರೆ ನಮೂನೆ ಮುಂದೆ ಸರಿಯುತ್ತದೆ, ಕಡತವನ್ನು ಎಷ್ಟು ಕೆಬಿಗೆ ಇಳಿಸಿದರೆ ಅಪ್‌ಲೋಡ್ ಆಗುತ್ತದೆ ಎಂಬ ಜ್ಞಾನವನ್ನೇ ಅವರು ಮಾರುವುದು. ನಮೂನೆ ಜಟಿಲವಾದಷ್ಟೂ ಆ ಜ್ಞಾನದ ಬೆಲೆ ಏರುತ್ತದೆ. ದಲ್ಲಾಳಿ ಇಲ್ಲದ ಕಚೇರಿ ಎಂಬ ಫಲಕ ತೂಗುಹಾಕುವುದಕ್ಕಿಂತ ಒಂದು ಅನಗತ್ಯ ಚೌಕವನ್ನು ತೆಗೆಸುವುದು ಹೆಚ್ಚು ಪರಿಣಾಮಕಾರಿ.

ಕನ್ನಡದಲ್ಲಿ ತಂತ್ರಾಂಶ ಒದಗಿಸುವ ವಿಷಯದಲ್ಲಿ ಅನುವಾದಕ್ಕಿಂತ ಆಳವಾದ ತೊಡಕೊಂದಿದೆ. ‘ಸ್ತ್ರೀಶಕ್ತಿ’ ಎಂಬ ಪದವನ್ನು ತೆಗೆದುಕೊಳ್ಳಿರಿ. ಪಂಚಾಯತಿಯ ದಾಖಲೆಗಳಲ್ಲಿ ಇದು ನಿತ್ಯ ಬರುವ ಪದ. ಓದುವವರ ಕಣ್ಣಿಗೆ ಮೂರು ಅಕ್ಷರಗಳು. ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ವಿರಾಮ ಚಿಹ್ನೆ, ಸ್ವರಚಿಹ್ನೆ ಇವುಗಳಿಗೆ ಬೇರೆಬೇರೆ ಸಂಕೇತಗಳಿರುವುದರಿಂದ ‘ಸ್ತ್ರೀ’ ಒಂದಕ್ಕೇ 6 ಸಂಕೇತಗಳು, ಪೂರ್ಣ ಪದಕ್ಕೆ 11. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಸಂಕೇತಕ್ಕೂ 3 ಬೈಟು. ಒಟ್ಟು 33 ಬೈಟು. ಇಂಗ್ಲಿಷಿನ ಅಕ್ಷರ ಅದೇ ಪದ್ಧತಿಯಲ್ಲಿ 1 ಬೈಟು ಮಾತ್ರ. ಹೀಗಾಗಿ ಹೆಸರಿಗೆ 30 ಬೈಟು ಸಾಕೆಂದು ದತ್ತಾಂಶ ಕೋಷ್ಟಕ ರೂಪಿಸಿದ ತಂತ್ರಜ್ಞರು ಕನ್ನಡದ ಮೂರಕ್ಷರದ ಪದವನ್ನೇ ಹೊರಗಿಟ್ಟಂತಾಗುತ್ತದೆ. ‘ಹೆಸರು ಬಹಳ ಉದ್ದವಾಗಿದೆ’ ಎಂಬ ಸಂದೇಶ ಬಂದಾಗ ಆಪರೇಟರರಿಗೆ ದಿಗ್ಭ್ರಮೆಯಾಗುವುದು ಸಹಜ. ಇದೇ ರೀತಿ, ಇಂಗ್ಲಿಷಿಗೆಂದು ನಿಗದಿ ಮಾಡಿದ ಸಾಲಿನ ಅಂತರದಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಗುಂಡಿಯ ಮೇಲಿನ ಬರಹದಲ್ಲಿ ಒತ್ತು ಕಾಣದಿದ್ದರೆ ಪದದ ಅರ್ಥವೇ ಕೆಡಬಹುದು.

ಪದಗಳ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಪಹಣಿ ಎಂದು ಒಂದು ಕಡೆ ಕರೆಯುವುದನ್ನು ಉತ್ತರ ಕರ್ನಾಟಕದಲ್ಲಿ ಉತಾರ ಎನ್ನುತ್ತಾರೆ. ಹುಡುಕುವ ಚೌಕಕ್ಕೆ ಎರಡೂ ತಿಳಿದಿರಬೇಕು. ‘ಅಮಾನ್ಯ ನಮೂದು’ ಎಂಬುದು ಶುದ್ಧ ಕನ್ನಡವೇ ಆದರೂ ಯಾರಿಗೂ ಉಪಯೋಗವಿಲ್ಲದ ಕನ್ನಡ. ‘ಮೊಬೈಲ್ ಸಂಖ್ಯೆಯಲ್ಲಿ 9 ಅಂಕಿಗಳಿವೆ, 10 ಇರಬೇಕು’ ಎಂದು ಬರೆದರೆ ಏನು ತಪ್ಪಿದೆ, ಏನು ಮಾಡಬೇಕು ಎರಡೂ ಒಂದೇ ಸಾಲಿನಲ್ಲಿ ತಿಳಿಯುತ್ತವೆ. ತಪ್ಪಾದ ಒಂದು ಚೌಕಕ್ಕಾಗಿ ತುಂಬಿದ್ದ ಇಪ್ಪತ್ತು ಚೌಕಗಳನ್ನೂ ಖಾಲಿ ಮಾಡುವ ನಮೂನೆಗಳ ಬಗ್ಗೆ ಈ ಸಭೆಗೆ ವಿವರಿಸಬೇಕಾಗಿಲ್ಲ.

ಸರ್ವರ್ ನಿಧಾನವಾಗಿದ್ದಾಗಲೂ ವಿನ್ಯಾಸ ನೆರವಾಗಬಲ್ಲದು. ಡೆನ್ಮಾರ್ಕ್ ಮೂಲದ ತಜ್ಞ ಜೇಕಬ್ ನೀಲ್ಸನ್ ಅವರು 1993ರ ತಮ್ಮ ಗ್ರಂಥದಲ್ಲಿ ವಿವರಿಸಿದಂತೆ, ಪ್ರತಿಕ್ರಿಯೆ 1 ಸೆಕೆಂಡಿನೊಳಗೆ ಬಂದರೆ ಬಳಕೆದಾರರ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ಮೀರಿದರೆ ಗಮನ ಬೇರೆಡೆಗೆ ಹೋಗುತ್ತದೆ. ಪಂಚಾಯತಿಗಳಲ್ಲಿ 10 ಸೆಕೆಂಡು ಎಂದರೆ ವೇಗವೇ ಸರಿ! ಆದರೂ, ‘ಹಣ ಪಾವತಿಯಾಗುತ್ತಿದೆ, ಮತ್ತೆ ಒತ್ತಬೇಡಿ’ ಎಂಬ ಒಂದು ಸಾಲು ತೋರಿಸುವುದಕ್ಕೆ ಹೊಸ ಸರ್ವರ್ ಬೇಕಾಗಿಲ್ಲ. ಮತ್ತೆ ಒತ್ತಿದರೂ ಎರಡನೆಯ ಪಾವತಿ ಆಗದಂತೆ ತಡೆಯುವುದು ಇನ್ನೂ ಉತ್ತಮ. ಮತಯಂತ್ರದಲ್ಲಿ ಇರುವುದು ಅದೇ ತಂತ್ರ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಹಾಗೂ ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಗಳ ಪ್ರಕಾರ ಸರ್ಕಾರಿ ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕು. ಇದರಲ್ಲಿ ಪಂಚಾಯತಿಗಳೇ ಸರಿಪಡಿಸಬಹುದಾದ ಸಂಗತಿಯೊಂದಿದೆ. ಗ್ರಾಮಸಭೆಯ ನೋಟಿಸನ್ನು ಮುದ್ರಿಸಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ, ಚಿತ್ರರೂಪದ ಪಿಡಿಎಫ್ ಮಾಡಿ ಜಾಲತಾಣಕ್ಕೂ ವಾಟ್ಸಾಪ್ ಗುಂಪಿಗೂ ಹಾಕುವುದು ರೂಢಿ. ದೃಷ್ಟಿಹೀನರ ಮೊಬೈಲಿನ ಓದುವ ತಂತ್ರಾಂಶಕ್ಕೆ ಅದು ಬರಿಯ ಚಿತ್ರ, ಹುಡುಕಿದರೂ ಸಿಗದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿ ನಕಲಿಸಿ ಅಂಟಿಸಿದರಂತೂ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಸಹಿಯ ಪ್ರತಿ ಕಡತದಲ್ಲಿರಲಿ. ಜನರಿಗೆ ಹೋಗುವ ಪ್ರತಿಯಲ್ಲಿ ದಿನಾಂಕ, ಸಮಯ, ಸ್ಥಳ, ವಿಷಯ ಇಷ್ಟನ್ನು ಯೂನಿಕೋಡ್ ಪಠ್ಯವಾಗಿಯೇ ಬರೆಯಬಹುದು.

ತಂತ್ರಾಂಶ ರೂಪಿಸುವುದು ರಾಜ್ಯ ಮಟ್ಟದ ಕೆಲಸ, ಪಂಚಾಯತಿಯಲ್ಲಿ ಏನು ಮಾಡಲು ಸಾಧ್ಯ ಎಂಬ ಪ್ರಶ್ನೆ ಏಳುವುದು ನ್ಯಾಯವೇ. ಬಳಕೆದಾರರನ್ನು ಪ್ರತಿದಿನ ಎದುರಿಗೆ ನೋಡುವವರು ಪಂಚಾಯತಿ ಸಿಬ್ಬಂದಿ ಮಾತ್ರ ಎಂಬುದು ಅದಕ್ಕೆ ಉತ್ತರ. ಐದು ಮಂದಿ ಬಳಕೆದಾರರನ್ನು ಗಮನಿಸಿದರೆ ಬಹುಪಾಲು ತೊಡಕುಗಳು ಹೊರಬೀಳುತ್ತವೆಂದು ನೀಲ್ಸನ್ ಅವರು 2000ದಲ್ಲಿ ಬರೆದರು. ಈ ಸಂಖ್ಯೆಯ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಆದರೆ ಶೂನ್ಯಕ್ಕಿಂತ ಐದು ಬಹಳ ದೊಡ್ಡ ಸಂಖ್ಯೆ ಎಂಬುದರಲ್ಲಿ ಚರ್ಚೆಯಿಲ್ಲ. ಅರಿವು ಕೇಂದ್ರದ ಗಣಕಯಂತ್ರದ ಮುಂದೆ ಐವರನ್ನು ಒಬ್ಬೊಬ್ಬರಾಗಿ ಕೂರಿಸಬಹುದು: ಸ್ವಸಹಾಯ ಸಂಘದ ಸದಸ್ಯೆ, ವೃದ್ಧ ರೈತ, ಕಾಲೇಜಿಗೆ ಹೋಗುವ ಹುಡುಗಿ, ಕನ್ನಡಕ ಬೇಕಾಗಿದ್ದೂ ಇಲ್ಲದವರು, ಹೊಸದಾಗಿ ಆಯ್ಕೆಯಾದ ಸದಸ್ಯರು. ‘ಮನೆ ತೆರಿಗೆ ಎಷ್ಟು ಬಾಕಿ ಇದೆ ನೋಡಿರಿ’ ಎಂಬ ಒಂದೇ ಕೆಲಸ ಕೊಟ್ಟು, ಪಕ್ಕದಲ್ಲಿ ಕುಳಿತು ಸುಮ್ಮನಿರಬೇಕು. ಸುಮ್ಮನಿರುವುದೇ ಇದರಲ್ಲಿ ಅತ್ಯಂತ ಕಷ್ಟದ ಭಾಗ. ಸಹಾಯ ಮಾಡುವುದು ಸಿಬ್ಬಂದಿಗೆ ಅಭ್ಯಾಸವಾಗಿ ಹೋಗಿರುತ್ತದೆ. ‘ಅಲ್ಲಲ್ಲ, ಕೆಳಗಡೆ ಒತ್ತಿ’ ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ. ಆ ಮಾತು ಬಾಯಿಗೆ ಬಂದ ಜಾಗವನ್ನೇ ಬರೆದುಕೊಳ್ಳಬೇಕು. ತೊಡಕು ಇರುವುದು ಅಲ್ಲಿಯೇ.

ಹೀಗೆ ಸಿಕ್ಕಿದ್ದನ್ನು ಮೇಲಿನ ಕಚೇರಿಗೆ ತಿಳಿಸುವ ರೀತಿಯೂ ಬದಲಾಗಬೇಕು. ‘ತಂತ್ರಾಂಶದಲ್ಲಿ ಸಮಸ್ಯೆ ಇರುತ್ತದೆ, ಸರಿಪಡಿಸಲು ಕೋರಿದೆ’ ಎಂಬ ಪತ್ರದಿಂದ ಯಾವ ತಂತ್ರಜ್ಞರಿಗೂ ಏನೂ ತಿಳಿಯದು. ಯಾವ ಪುಟ, ಯಾವ ಚೌಕ, ಏನು ತುಂಬಿದಾಗ ಯಾವ ಸಂದೇಶ ಬಂತು, ಐವರಲ್ಲಿ ಎಷ್ಟು ಮಂದಿ ಅಲ್ಲಿ ನಿಂತರು ಎಂದು ಬರೆದು ಪರದೆಯ ಚಿತ್ರವನ್ನು ಲಗತ್ತಿಸಿದರೆ ಅದು ಕಡತದಲ್ಲಿ ಮುಳುಗದೆ ಕೆಲಸವಾಗಿ ಪರಿಣಮಿಸುವ ಸಂಭವ ಹೆಚ್ಚು. ಚಿತ್ರದಲ್ಲಿ ಅರ್ಜಿದಾರರ ಹೆಸರು, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಕಾಣದಂತೆ ಮರೆಮಾಡಿಯೇ ಕಳುಹಿಸಬೇಕು. ವಾಟ್ಸಾಪ್ ಗುಂಪಿಗೆ ಹಾಕಲೇಬಾರದು. ಮಧ್ಯಾಹ್ನದ ಅಧಿವೇಶನದಲ್ಲಿ ತಾವು ತಂದಿರುವ ನಮೂನೆಗಳ ಪೈಕಿ ಒಂದನ್ನು ತೆಗೆದುಕೊಂಡು, ಅದರಲ್ಲಿರುವ ಪ್ರತಿ ಚೌಕದ ಎದುರು ‘ಈ ಮಾಹಿತಿ ಯಾರಿಗೆ, ಯಾವ ಆದೇಶಕ್ಕೆ ಬೇಕು’ ಎಂದು ಬರೆಯುವ ಅಭ್ಯಾಸವಿದೆ. ಉತ್ತರ ಸಿಗದ ಚೌಕಗಳ ಪಟ್ಟಿಯನ್ನು ಸಂಜೆ 4 ಗಂಟೆಯೊಳಗೆ ತಾಲ್ಲೂಕುವಾರು ಒಟ್ಟುಗೂಡಿಸಿ ಕಾರ್ಯಾಗಾರದ ಸಂಯೋಜಕರಿಗೆ ನೀಡತಕ್ಕದ್ದು.